ಹಳೇ ಮನೆ ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆ: ವಾಷರ್ ಸಾಕಾ, ನಲ್ಲಿಯನ್ನೇ ಬದಲಿಸಬೇಕಾ?

ಹಳೇಪೇಟೆ_ಮನೆಮಗ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹಳೇಪೇಟೆಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮನೆ ಇದೆ. ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, 15 ದಿನಕ್ಕೊಮ್ಮೆ ಊರಿಗೆ ಬರುತ್ತೇನೆ.

ಬಚ್ಚಲ ಮನೆಯಲ್ಲಿ ಹಂಡೆ ಪಕ್ಕದ ಹಿತ್ತಾಳೆ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಅಮ್ಮ ಅದರ ಕೆಳಗೆ ಬಕೆಟ್ ಇಟ್ಟು, ತುಂಬಿದ ನೀರನ್ನು ಹಿತ್ತಲಿನ ಕರಿಬೇವಿಗೆ ಹಾಕುತ್ತಾರೆ. "ಎಲ್ಲಿ ಹೋಗ್ತದೆ ಬಿಡು, ಗಿಡಕ್ಕೇ ಹೋಗ್ತದೆ" ಅನ್ನುತ್ತಾರೆ. ಆದರೆ ರಾತ್ರಿಯೆಲ್ಲ ಟಪ್ ಟಪ್ ಅಂತ ಕೇಳಿಸುತ್ತದೆ, ನನಗೆ ನಿದ್ದೆ ಬರುವುದಿಲ್ಲ. ಮೊನ್ನೆ ಶನಿವಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಕೆಟ್ ಇಟ್ಟು ಅಳೆದೆ. 6 ಲೀಟರ್ ಆಗಿತ್ತು.

ಗೋಡೆ ಒಂದೂವರೆ ಅಡಿ ದಪ್ಪ. ಪೈಪ್ ಎಲ್ಲ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ), ಗೋಡೆ ಒಳಗೇ ಹೂತಿದೆ. ಹದಿನೈದಿಪ್ಪತ್ತು ವರ್ಷದ ಹಿಂದೆ ಮೇಲೆ ಟೈಲ್ಸ್ ಅಂಟಿಸಿದ್ದಾರೆ. ಒಬ್ಬರು ಪ್ಲಂಬರ್ ಬಂದು ನೋಡಿ, "ಇದನ್ನು ತಿರುಗಿಸಿದರೆ ಏನು ಬೇಕಾದರೂ ಆಗಬಹುದು, ಪೂರ್ತಿ ಬಾತ್‌ರೂಮ್ ಒಡೆದು ಹೊಸ ಲೈನ್ ಹಾಕೋಣ" ಎಂದು ಹೇಳಿ ಹೋದರು. ಒಂದು ನಲ್ಲಿಗೋಸ್ಕರ ಬಚ್ಚಲನ್ನೇ ಒಡೆಯಬೇಕಾ? ಯಾರಾದರೂ ಸ್ವತಃ ಮಾಡಿದವರು ಇದ್ದರೆ ಹೇಳಿ.

ಮಂಡಕ್ಕಿ_ಖಾರ

ಆರು ತಿಂಗಳು ಟಪ್ ಟಪ್ ಕೇಳಿದ ನಿಮ್ಮ ಅಪ್ಪ ಅಮ್ಮನಿಗೆ ನಿದ್ದೆ ಬರುತ್ತದೆ. 15 ದಿನಕ್ಕೊಮ್ಮೆ ಬರುವ ನಿಮಗೆ ಬರುವುದಿಲ್ಲ. ತೊಂದರೆ ನಲ್ಲಿಯಲ್ಲಿ ಇಲ್ಲ ಗುರು.

ತಮಾಷೆಗೆ ಅಂದೆ. ಇನ್ನೊಬ್ಬ ಪ್ಲಂಬರ್‌ನನ್ನು ಕರೆಸಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಪಾನಾ_ಹಿಡಿದವ

ನಾನು ಇದೇ ಕೆಲಸ ಮಾಡುವವನು, 22 ವರ್ಷ ಆಯಿತು. ಬಾತ್‌ರೂಮ್ ಒಡೆಯೋಣ ಅಂದವರನ್ನು ನಾನು ಬೈಯುವುದಿಲ್ಲ. ಹಳೇ ಜಿಐ ಲೈನ್ ಕಂಡರೆ ನಮಗೂ ಭಯ. ನಲ್ಲಿ ಮುರಿದರೆ ನಾವು ಹೊಣೆ, ಮುರಿಯದಿದ್ದರೆ ನಮಗೆ ಸಿಗುವುದು ಅರ್ಧ ಗಂಟೆ ಕೂಲಿ. ಹಾಗಾಗಿ ಕೈ ಹಾಕಲು ಹಿಂಜರಿಯುತ್ತಾರೆ.

ಅಣ್ಣಾ, ಮೊದಲು ಒಂದು ಹೇಳಿ. ನೀರು ಎಲ್ಲಿಂದ ಬರುತ್ತಿದೆ? ನಲ್ಲಿ ಮುಚ್ಚಿದಾಗಲೂ ಬಾಯಿಂದ ಬರುತ್ತಿದ್ದರೆ ಒಳಗಿನ ವಾಷರ್ ಇಲ್ಲವೇ ಅದು ಕೂರುವ ಸೀಟ್ ಕೆಟ್ಟಿದೆ. ನಲ್ಲಿ ಬಿಟ್ಟಾಗ ಮಾತ್ರ ಹಿಡಿ ಕೆಳಗಿನ ಕುತ್ತಿಗೆಯಿಂದ ಬರುತ್ತಿದ್ದರೆ ಅದು ಗ್ಲ್ಯಾಂಡ್ ದಾರ (ಕುತ್ತಿಗೆಯಲ್ಲಿ ನೀರು ತಡೆಯಲು ಸುತ್ತಿದ ದಾರ) ಸವೆದಿರುವುದು, ಐದು ನಿಮಿಷದ ಕೆಲಸ. ನಲ್ಲಿ ಗೋಡೆ ಸೇರುವ ಕಡೆ ಜಿನುಗುತ್ತಿದ್ದರೆ ಮಾತ್ರ ಕೆಟ್ಟ ಸುದ್ದಿ. ಆಗ ಥ್ರೆಡ್ ಹೋಗಿರುತ್ತದೆ, ನಲ್ಲಿಯನ್ನು ಬಿಚ್ಚಲೇಬೇಕು.

ಇನ್ನೊಂದು. ಆ ನಲ್ಲಿಗೆ ಟ್ಯಾಂಕ್ ನೀರು ಬರುತ್ತದೋ, ಬೀದಿ ಲೈನ್ ನೀರು ನೇರ ಬರುತ್ತದೋ? ಹಳೇ ಮನೆಗಳಲ್ಲಿ ಬಚ್ಚಲಿಗೆ ಎರಡೂ ಇರುತ್ತವೆ.

ಹಳೇಪೇಟೆ_ಮನೆಮಗ

ಬಾಯಿಂದ ಬರುತ್ತದೆ ಅಣ್ಣಾ, ಮುಚ್ಚಿದಾಗಲೂ. ಬಿಟ್ಟಾಗ ಕುತ್ತಿಗೆಯಲ್ಲೂ ಸ್ವಲ್ಪ ಒದ್ದೆ ಆಗುತ್ತದೆ. ಗೋಡೆ ಕಡೆ ಒಣಗಿದೆ. ಯಾವ ಲೈನ್ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ! ಅಪ್ಪ "ಬೀದೀದು" ಅನ್ನುತ್ತಾರೆ, ಅಮ್ಮ "ಮೇಲಿಂದು" ಅನ್ನುತ್ತಾರೆ. ಅಪ್ಪ ಇಲ್ಲಿನ ಕಾಟನ್ ಮಿಲ್ ಒಂದರಲ್ಲಿ ಫಿಟ್ಟರ್ ಆಗಿದ್ದವರು, ಹಾಗಾಗಿ ಅವರ ಮಾತು ತೆಗೆದುಹಾಕುವ ಹಾಗಿಲ್ಲ. ಈಗ 78 ವರ್ಷ, ಕಣ್ಣಿನ ಆಪರೇಷನ್ ಆಗಿದೆ. ಇಲ್ಲದಿದ್ದರೆ ನನ್ನನ್ನು ಕೇಳುತ್ತಲೂ ಇರಲಿಲ್ಲ.

ನಿವೃತ್ತ_ಓವರ್‌ಸಿಯರ್

ತಾಯಿಯವರ ಮಾತೇ ಸರಿ. ಬೀದಿ ಲೈನಿನಲ್ಲಿ ನೀರು ಬಿಡುವುದು ಯಾವುದೋ ಒಂದು ದಿನ, ಕೆಲವು ತಾಸು. ನೀವು ದಿನವೂ ಟಪ್ ಟಪ್ ಕೇಳುತ್ತಿದ್ದೀರಿ. ನೀರು ಬಿಡದ ದಿನವೂ ತೊಟ್ಟಿಕ್ಕುತ್ತದೆ ಎಂದರೆ ಅದು ಟ್ಯಾಂಕ್ ಲೈನೇ.

ಇದು ಒಳ್ಳೆಯದೇ. ಟ್ಯಾಂಕ್ ಲೈನಿನಲ್ಲಿ ಒತ್ತಡ ಕಡಿಮೆ. 10 ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಬರುತ್ತದೆ. ನಿಮ್ಮದು ಒಂದೇ ಅಂತಸ್ತಿನ ಮನೆಯಾದರೆ ಟ್ಯಾಂಕಿನಿಂದ ನಲ್ಲಿಗೆ 4 ಮೀಟರ್ ಇರಬಹುದು, ಅರ್ಧ ಕೆ.ಜಿ.ಯೂ ಆಗುವುದಿಲ್ಲ. ಏನಾದರೂ ಎಡವಟ್ಟಾದರೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಬಹುದು. ಬೀದಿ ಲೈನಾದರೆ ನೀರು ಬಿಡದ ದಿನ ನೋಡಿಕೊಂಡೇ ಬಿಚ್ಚಬೇಕು, ಕೈಯಲ್ಲಿ ಒಂದು ಡೆಡ್ ಪ್ಲಗ್ (ಪೈಪ್ ಬಾಯಿ ಮುಚ್ಚುವ ಬಿರಡೆ) ಇಟ್ಟುಕೊಂಡೇ.

ಸಿಸ್ಟರ್_ನಿಟುವಳ್ಳಿ

6 ಲೀಟರ್ ಲೆಕ್ಕ ನೋಡಿ ಕುತೂಹಲ ಆಯಿತು. ನಾನು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಗ್ಲೂಕೋಸ್ ಡ್ರಿಪ್ ಸೆಟ್‌ನಲ್ಲಿ ಸಾಮಾನ್ಯವಾಗಿ 20 ಹನಿಗೆ 1 ಎಂ.ಎಲ್. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ, ಅಂದರೆ 4.3 ಲೀಟರ್. ನಿಮ್ಮದು 8 ಗಂಟೆಗೇ 6 ಲೀಟರ್! ಸೆಕೆಂಡಿಗೆ ಎಷ್ಟು ಹನಿ ಬೀಳುತ್ತದೆ, ಎಣಿಸಿದ್ದೀರಾ?

ಹಳೇಪೇಟೆ_ಮನೆಮಗ

ಸಿಸ್ಟರ್, ಅಮ್ಮನಿಗೆ ಫೋನ್ ಮಾಡಿ ಎಣಿಸಲು ಹೇಳಿದೆ. "ಕೆಲಸ ಇಲ್ವಾ ನಿನಗೆ" ಅಂದರು. ಆದರೂ ಎಣಿಸಿದರು. ನಿಮಿಷಕ್ಕೆ 120 ಹತ್ತಿರ ಹತ್ತಿರ.

ಸಿಸ್ಟರ್_ನಿಟುವಳ್ಳಿ

ಹಾಗಾದರೆ 8 ಗಂಟೆಗೆ 57,600 ಹನಿ. 6 ಲೀಟರ್ ಎಂದರೆ ಸುಮಾರು 10 ಹನಿಗೆ 1 ಎಂ.ಎಲ್. ನಮ್ಮ ಡ್ರಿಪ್ ಹನಿಯ ಎರಡರಷ್ಟು ದಪ್ಪ. ನಲ್ಲಿ ಬಾಯಿ ಅಗಲ, ಹನಿಯೂ ದಪ್ಪ. ಹೀಗೇ ಬಿಟ್ಟರೆ ದಿನಕ್ಕೆ 18 ಲೀಟರ್, ತಿಂಗಳಿಗೆ 540. 500 ಲೀಟರಿನ ಸಿಂಟೆಕ್ಸ್ ಒಂದು ತುಂಬಿ ಮೇಲೆ ಮಿಕ್ಕುತ್ತದೆ. ಕರಿಬೇವಿಗೆ ಅಷ್ಟು ಬೇಡ ಅಂತ ಅಮ್ಮನಿಗೆ ಹೇಳಿ.

ವಿದ್ಯಾನಗರದ_ಅಕ್ಕ

ನನ್ನ ಕಥೆ ಕೇಳಿ, ಆಮೇಲೆ ಕೈ ಹಾಕಿ. ನಮ್ಮದೂ ಹೀಗೇ ಹಳೇ ಲೈನ್. ಬಂದವನು ದೊಡ್ಡ ಪೈಪ್ ರೆಂಚ್ ಹಾಕಿ ಒಂದೇ ಏಟಿಗೆ ತಿರುಗಿಸಿದ. ನಲ್ಲಿ ಬಂತು, ಅದರ ಜೊತೆ ಗೋಡೆ ಒಳಗಿನ ಎಲ್ಬೋನೂ (ನಲ್ಲಿ ಕೂರುವ ಪೈಪಿನ ಮೂಲೆ ತುಂಡು) ಮುರಿದು ಬಂತು. ಅದನ್ನು ತೆಗೆಯಲು ನಾಲ್ಕು ಟೈಲ್ಸ್ ಒಡೆದರು. ಎಲ್ಬೋ ತೆಗೆದರೆ ಅದರ ಹಿಂದಿನ ಪೈಪ್ ಬಿಸ್ಕತ್ತಿನ ಹಾಗೆ ಪುಡಿ. ಅದನ್ನು ತೆಗೆಯಲು ಮತ್ತೆ ಆರು ಟೈಲ್ಸ್. ಆರು ದಿನ ಸ್ನಾನಕ್ಕೆ ತವರುಮನೆಗೆ ಹೋಗಿ ಬರುತ್ತಿದ್ದೆವು. ಆ ಬಣ್ಣದ ಟೈಲ್ಸ್ ಈಗ ಸಿಗುವುದೇ ಇಲ್ಲ. ನಮ್ಮ ಬಚ್ಚಲ ಗೋಡೆ ಈಗ ತೇಪೆ ಹಾಕಿದ ಕೌದಿ ಇದ್ದ ಹಾಗಿದೆ.

ಹಾಗಾಗಿ, ವಾಷರ್ ಹಾಕಿ ನಿಲ್ಲುತ್ತದೆ ಎಂದರೆ ಅಷ್ಟೇ ಮಾಡಿ. ನಲ್ಲಿ ತಿರುಗಿಸಲು ಹೋಗಬೇಡಿ.

ಪಾನಾ_ಹಿಡಿದವ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಲ್ಲಿ ಬದಲಿಸುವುದು ದೊಡ್ಡದಲ್ಲ, ಅದರ ಹಿಂದೆ ಗೋಡೆಯಲ್ಲಿ ಇರುವುದೇ ದೊಡ್ಡದು. ಜಿಐ ಪೈಪಿನ ಸತುವಿನ ಲೇಪ ಸವೆದ ಮೇಲೆ ಒಳಗಿನಿಂದ ಜಂಗು ತಿನ್ನುತ್ತದೆ. ಥ್ರೆಡ್ ಹಾಕಿದ ಜಾಗದಲ್ಲಿ ಲೋಹ ಮೊದಲೇ ತೆಳು. ಅಲ್ಲೇ ಮೊದಲು ಮುರಿಯುತ್ತದೆ.

ಮೊದಲು ವಾಷರ್ ಪ್ರಯತ್ನ ಮಾಡಿ. ಅದಕ್ಕೆ ನಲ್ಲಿಯನ್ನು ಗೋಡೆಯಿಂದ ತೆಗೆಯಬೇಕಾಗಿಲ್ಲ, ತಲೆ ಮಾತ್ರ ಬಿಚ್ಚಿದರೆ ಸಾಕು. ಟ್ಯಾಂಕ್ ವಾಲ್ವ್ ಮುಚ್ಚಿ, ನಲ್ಲಿಯನ್ನು ಅರ್ಧ ತೆರೆದಿಡಿ. ಮುಚ್ಚಿದ ನಲ್ಲಿ ತಲೆ ಬಿಚ್ಚಿದರೆ ವಾಷರ್ ಸೀಟಿಗೆ ಒತ್ತಿಕೊಂಡೇ ಇರುತ್ತದೆ. ಒಂದು ಪಾನಾದಲ್ಲಿ ನಲ್ಲಿಯ ಮೈಯನ್ನು ಗಟ್ಟಿ ಹಿಡಿಯಿರಿ, ಇನ್ನೊಂದರಲ್ಲಿ ತಲೆ ತಿರುಗಿಸಿ. ಒಂದೇ ಪಾನಾ ಹಾಕಿದಿರೋ, ಇಡೀ ನಲ್ಲಿ ಗೋಡೆಯಲ್ಲಿ ತಿರುಗುತ್ತದೆ, ಅಕ್ಕನ ಕಥೆ ಶುರು. ತಲೆ ಬಂದ ಮೇಲೆ ಬೆರಳು ಹಾಕಿ ಒಳಗಿನ ಸೀಟ್ ಸವರಿ ನೋಡಿ. ಉಂಗುರದ ಹಾಗೆ ನುಣ್ಣಗಿದ್ದರೆ ಹೊಸ ವಾಷರ್ ಹಾಕಿ ಮುಗಿಸಿ. ಕುಳಿ ಬಿದ್ದಿದ್ದರೆ ನೀವು ಯಾವ ವಾಷರ್ ಹಾಕಿದರೂ ಸ್ವಲ್ಪ ದಿನ ಅಷ್ಟೇ.

ಕೋಟೆ_ಕೆಳಗಿನವ

ಚಿತ್ರದುರ್ಗದಿಂದ ನಮಸ್ಕಾರ. ನಮ್ಮಲ್ಲಿ ಶಾಂತಿಸಾಗರ ಕೆರೆಯ ನೀರು ಬರುವ ದಿನ ನಲ್ಲಿಗೆ ಹಬ್ಬ, ಉಳಿದ ದಿನ ಬೋರ್ ನೀರು. ಆ ಬೋರ್ ನೀರಿಗೆ ನಲ್ಲಿ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿ) ಹಿಡಿದುಕೊಳ್ಳುತ್ತದೆ. ಜನ ಜೋರು ಮಾಡಿ ತಿರುಗಿಸುತ್ತಾರೆ, ವಾಷರ್ ಜಜ್ಜಿ ಹೋಗುತ್ತದೆ. ನಿಮ್ಮ ಮನೆಯಲ್ಲೂ ಬೋರ್ ನೀರು ಟ್ಯಾಂಕಿಗೆ ಬಿಡುತ್ತೀರಾ?

ಒಂದು ಎಚ್ಚರಿಕೆ. ಉಪ್ಪು ಬಿಡಿಸಲು ಟಾಯ್ಲೆಟ್ ಆಸಿಡ್ ಹಾಕಬೇಡಿ, ಹಿತ್ತಾಳೆಯನ್ನೂ ಮೇಲಿನ ಹೊಳಪನ್ನೂ ತಿನ್ನುತ್ತದೆ. ನೆನೆಸಿದ ಹುಣಸೆಹಣ್ಣು ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿ. ಲಿಂಬೆಹಣ್ಣಾದರೂ ನಡೆಯುತ್ತದೆ.

(ನೀರಿನ ವಿಷಯ ಬಂದಾಗ ನಮ್ಮ ಊರಿನ ಬಗ್ಗೆ ಹೇಳದಿದ್ದರೆ ಹೇಗೆ. ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಇಳಿಯುವ ಹಾಗೆ ಪಾಳೇಗಾರರ ಕಾಲದಲ್ಲೇ ಮಾಡಿದ್ದಾರೆ. ಒಂದು ವಾಷರ್ ಇಲ್ಲ.)

ಮಂಡಕ್ಕಿ_ಖಾರ

ಆ ಶಾಂತಿಸಾಗರ ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ನಮ್ಮ ಜಿಲ್ಲೆಯಲ್ಲಿ. ನೀರು ಕೊಟ್ಟವರನ್ನು ನೆನೆಸಿಕೊಳ್ಳಿ ಸ್ವಾಮಿ.

ಕೋಟೆ_ಕೆಳಗಿನವ

1997ರವರೆಗೆ ದಾವಣಗೆರೆಯವರಾದ ನೀವೂ ನಮ್ಮ ಚಿತ್ರದುರ್ಗ ಜಿಲ್ಲೆಯವರೇ. ಮನೆಮಗ ಅವರ ನಲ್ಲಿಗೆ ಬನ್ನಿ.

ಹಳೇಪೇಟೆ_ಮನೆಮಗ

ಹೌದು, ಬೇಸಿಗೆಯಲ್ಲಿ ಬೋರ್ ನೀರೇ ಜಾಸ್ತಿ.

ಈ ವಾರ ಊರಿಗೆ ಬಂದಿದ್ದೇನೆ. ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಶುರು ಮಾಡಿದೆ. ಮೊದಲ ವಿಘ್ನ ಟ್ಯಾಂಕ್ ಹತ್ತಿರವೇ. ಗೇಟ್ ವಾಲ್ವ್ ತಿರುಗಿಸಿದರೆ ತಿರುಗುತ್ತಲೇ ಇರುತ್ತದೆ, ನೀರು ನಿಲ್ಲುವುದಿಲ್ಲ. ಇಪ್ಪತ್ತು ಸುತ್ತು ತಿರುಗಿಸಿದೆ. ಏನಿದು?

ಪಾನಾ_ಹಿಡಿದವ

ಒಳಗಿನ ಗೇಟು ಸ್ಪಿಂಡಲ್‌ನಿಂದ ಕಳಚಿಕೊಂಡಿದೆ. ಹಳೇ ಗೇಟ್ ವಾಲ್ವಿಗೆ ಇದು ಮಾಮೂಲಿ. ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ, ಬೇಕಾದ ದಿನ ಕೈ ಕೊಡುತ್ತದೆ. ಮುಂದೆ ಯಾವಾಗಲಾದರೂ ಬಾಲ್ ವಾಲ್ವ್ ಹಾಕಿಸಿ. ಈಗ ಅದರ ತಂಟೆಗೆ ಹೋಗಬೇಡಿ.

ಟ್ಯಾಂಕಿನ ನೀರು ಅರ್ಧಕ್ಕೆ ಇಳಿಯಲಿ. ಒಂದು ಮೆಕ್ಕೆಜೋಳದ ಬೆಂಡು ತಗೊಳ್ಳಿ, ಕಾಳು ಬಿಡಿಸಿದ್ದು. ಅದಕ್ಕೆ ಹಳೇ ಪಂಚೆ ಬಟ್ಟೆ ಸುತ್ತಿ, ಚೂಪು ತುದಿ ಮುಂದೆ ಮಾಡಿ ಟ್ಯಾಂಕಿನ ಒಳಗಿನಿಂದ ಹೊರದಾರಿಯ ತೂತಿಗೆ ತುರುಕಿ. ನೀರಿನ ಭಾರಕ್ಕೆ ತಾನೇ ಬಿಗಿಯಾಗುತ್ತದೆ. ದಪ್ಪ ತುದಿಗೆ ಒಂದು ದಾರ ಕಟ್ಟಿ ಹೊರಗೆ ಬಿಡುವುದನ್ನು ಮರೆಯಬೇಡಿ. ಬೆಂಡು ಪೈಪಿನೊಳಗೆ ಹೋಯಿತೋ, ನಲ್ಲಿಯೂ ಬೇಡ ಏನೂ ಬೇಡ.

ನಿವೃತ್ತ_ಓವರ್‌ಸಿಯರ್

ಮೂವತ್ತೈದು ವರ್ಷ ನೀರಿನ ಕೆಲಸ ಮಾಡಿದೆ. ಮೆಕ್ಕೆಜೋಳದ ಬೆಂಡು ಇವತ್ತು ಕಲಿತೆ. ನಾವು ಮರದ ಗೂಟ ಕೆತ್ತಿಸುತ್ತಿದ್ದೆವು.

ಹಳೇಪೇಟೆ_ಮನೆಮಗ

ಬೆಂಡು ಕೆಲಸ ಮಾಡಿತು! ಪಕ್ಕದ ಮನೆ ಹುಡುಗ ಟ್ಯಾಂಕ್ ಮೇಲೆ ಹತ್ತಿ ದಾರ ಹಿಡಿದು ಕೂತಿದ್ದ, ಗಾಳಿಪಟ ಹಿಡಿದ ಹಾಗೆ.

ನಲ್ಲಿ ತಲೆ ಎರಡು ಪಾನಾ ಹಾಕಿ ಬಿಚ್ಚಿದೆ. ಒಳಗೆ ನೋಡಿದರೆ ವಾಷರ್ ನೀಲಿ ಬಣ್ಣ. ಅಂಗಡಿ ವಾಷರ್ ಕಪ್ಪು ಅಲ್ವಾ? ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, "ನಾನೇ ಹಾಕಿದ್ದು" ಅಂದರು. ಹಳೇ ಹವಾಯಿ ಚಪ್ಪಲಿ ಅಟ್ಟೆಯಿಂದ ಕತ್ತರಿಸಿ ಹಾಕಿದ್ದಂತೆ, ಟೈಲ್ಸ್ ಹಾಕಿಸಿದ ವರ್ಷ. ಒಂದು ಕಡೆ ಪೂರ್ತಿ ಸವೆದು ಕಾಗದ ಆಗಿತ್ತು. ಅದನ್ನು ಬಿಸಾಡಿ, ಪಿ.ಬಿ. ರಸ್ತೆಯ ಅಂಗಡಿಯಿಂದ ಅರ್ಧ ಇಂಚಿನ ಹೊಸ ರಬ್ಬರ್ ವಾಷರ್ ತಂದು ಹಾಕಿದೆ. ಕುತ್ತಿಗೆಗೆ ಗ್ರೀಸ್ ಹಚ್ಚಿದ ದಾರ ಸುತ್ತಿದೆ. ಒಟ್ಟು ಖರ್ಚು 30 ರೂಪಾಯಿ. ಹನಿ ನಿಂತಿತು. ಎಲ್ಲರಿಗೂ ಧನ್ಯವಾದ!

ಪಾನಾ_ಹಿಡಿದವ

ಸಂತೋಷ. ಸೀಟ್ ಸವರಿ ನೋಡಿದಿರಾ?

ಹಳೇಪೇಟೆ_ಮನೆಮಗ

ನೋಡಿದೆ ಅಣ್ಣಾ. ಒಂದು ಕಡೆ ಸ್ವಲ್ಪ ಒರಟು ಇತ್ತು. ಪರವಾಗಿಲ್ಲ ಅಂದುಕೊಂಡೆ.

ಪಾನಾ_ಹಿಡಿದವ

ಹೂಂ.

ಹಳೇಪೇಟೆ_ಮನೆಮಗ

ಹದಿಮೂರನೇ ದಿನಕ್ಕೆ ಅಮ್ಮನ ಫೋನ್. ಮತ್ತೆ ಟಪ್ ಟಪ್.

ಅಪ್ಪ ಫೋನ್ ಇಸಿದುಕೊಂಡು ಹೇಳಿದ್ದು ಇಷ್ಟು: "ನನ್ನ ಚಪ್ಪಲಿ ಹದಿನೈದು ವರ್ಷ ತಡೀತು. ನಿನ್ನ ಕಂಪನಿ ವಾಷರ್ ಹದಿನೈದು ದಿನ ತಡೀಲಿಲ್ಲ."

ಮಂಡಕ್ಕಿ_ಖಾರ

ಫಿಟ್ಟರ್ ಸಾಹೇಬರಿಗೆ ಒಂದು ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ.

ನಿವೃತ್ತ_ಓವರ್‌ಸಿಯರ್

ತಂದೆಯವರ ಮಾತಿನಲ್ಲಿ ತಂತ್ರ ಇದೆ. ಚಪ್ಪಲಿ ಅಟ್ಟೆ ಮೆತ್ತಗಿನ ಸ್ಪಂಜಿನಂಥ ರಬ್ಬರ್. ಒತ್ತಿದರೆ ಸೀಟಿನ ಕುಳಿಯೊಳಗೆ ಇಳಿದು ತುಂಬಿಕೊಳ್ಳುತ್ತದೆ. ಅಂಗಡಿಯ ವಾಷರ್ ಗಟ್ಟಿ, ಕುಳಿಯ ಮೇಲೆ ಸೇತುವೆ ಹಾಗೆ ನಿಲ್ಲುತ್ತದೆ, ಕೆಳಗಿಂದ ನೀರು ನುಸುಳುತ್ತದೆ. ಒಮ್ಮೆ ನುಸುಳಲು ಶುರುವಾದರೆ ಆ ದಾರಿಯಲ್ಲಿ ವಾಷರೂ ಕೊರೆಯುತ್ತದೆ, ಹಿತ್ತಾಳೆಯೂ ಕೊರೆಯುತ್ತದೆ. ನಮ್ಮ ಕಾಲದಲ್ಲಿ ತಣ್ಣೀರು ನಲ್ಲಿಗೆ ತೊಗಲಿನ ವಾಷರ್ ಹಾಕುತ್ತಿದ್ದರು, ಅದೂ ಹೀಗೇ ಒಗ್ಗಿಕೊಳ್ಳುತ್ತಿತ್ತು. ಸೀಟ್ ಉಜ್ಜಿ ಸಮ ಮಾಡುವ ಕಟರ್ ಒಂದು ಬರುತ್ತದೆ. ಈಗ ಅದನ್ನು ಹಿಡಿದು ಬರುವವರು ಕಡಿಮೆ.

ನಿಮ್ಮ ಮುಂದೆ ಎರಡು ದಾರಿ. ಇನ್ನೊಂದು ಚಪ್ಪಲಿ, ಇಲ್ಲವೇ ಹೊಸ ನಲ್ಲಿ.

ಹಳೇಪೇಟೆ_ಮನೆಮಗ

ಚಪ್ಪಲಿಯಿಂದ ವೃತ್ತ ಕತ್ತರಿಸಲು ಅಪ್ಪನ ಕಣ್ಣಿಗೆ ಆಗುವುದಿಲ್ಲ, ನನ್ನ ಕೈಗೆ ಬರುವುದಿಲ್ಲ. ನಲ್ಲಿಯನ್ನೇ ಬದಲಿಸುತ್ತೇನೆ. ಯಾವುದು ತರಲಿ? ಅಂಗಡಿಯವನು ಪಿಟಿಎಂಟಿ ಪ್ಲಾಸ್ಟಿಕ್ ನಲ್ಲಿ ತೋರಿಸಿದ, ಬೆಲೆ ಕಡಿಮೆ. ಕಾಲು ಸುತ್ತಿಗೇ ಬಿಡುವ ಹೊಳೆಯುವ ನಲ್ಲಿಯೂ ಇದೆ.

ಕೋಟೆ_ಕೆಳಗಿನವ

ಬೋರ್ ನೀರಿದ್ದರೆ ಪ್ಲಾಸ್ಟಿಕ್ಕೇ ಸರಿ. ತುಕ್ಕಿಲ್ಲ, ಉಪ್ಪೂ ಕಡಿಮೆ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಆರು ವರ್ಷ ಆಯಿತು.

ಪಾನಾ_ಹಿಡಿದವ

ಸರ್, ನಿಮ್ಮದು ಎಂಥ ಲೈನ್? ಸಿಪಿವಿಸಿ (ಪ್ಲಾಸ್ಟಿಕ್ ಪೈಪ್) ಇರಬೇಕು. ಇವರದು ಹಳೇ ಜಿಐ. ಜಂಗು ಹಿಡಿದ ಕಬ್ಬಿಣದ ಥ್ರೆಡ್‌ಗೆ ಪ್ಲಾಸ್ಟಿಕ್ ನಲ್ಲಿ ಬಿಗಿ ಮಾಡಿದರೆ ಥ್ರೆಡ್ ಕೂರುವ ಮೊದಲೇ ಪ್ಲಾಸ್ಟಿಕ್ ಕತ್ತು ಸೀಳುತ್ತದೆ. ಮುರಿದ ತುಂಡು ಒಳಗೆ ಉಳಿದರೆ ಗರಗಸದ ಬ್ಲೇಡಿನಲ್ಲಿ ಕೊಯ್ದು ತೆಗೆಯಬೇಕು. ಇಲ್ಲಿ ಹಿತ್ತಾಳೆಯೇ ಬೇಕು.

ಕೋಟೆ_ಕೆಳಗಿನವ

ಒಪ್ಪಿದೆ. ನಮ್ಮದು ಸಿಪಿವಿಸಿಯೇ.

ನಿವೃತ್ತ_ಓವರ್‌ಸಿಯರ್

ಹಿತ್ತಾಳೆ ಎಂದು ಕೊಡುವುದೆಲ್ಲ ಹಿತ್ತಾಳೆ ಅಲ್ಲ. ಕೆಲವು ಅಗ್ಗದ ನಲ್ಲಿಗಳು ಸತುವಿನ ಮಿಶ್ರಲೋಹ, ಮೇಲೆ ಹೊಳಪು. ಅಂಗಡಿಯಲ್ಲಿ ಎರಡು ನಲ್ಲಿ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ. ಗೋಡೆಗೆ ಹೋಗುವ ಥ್ರೆಡ್ಡಿನ ತುದಿ ನೋಡಿ. ಅಲ್ಲಿ ಹೊಳಪಿನ ಕೆಳಗೆ ಹಳದಿ ಕಾಣಬೇಕು, ಬೂದು ಬಣ್ಣ ಕಂಡರೆ ವಾಪಸ್ ಇಡಿ. ಸಾದಾ ತಿರುಗಣಿ ನಲ್ಲಿಗೆ ಐಎಸ್ 781 ಎಂಬ ಮಾನದಂಡ ಇದೆ, ಐಎಸ್ಐ ಗುರುತಿನ ಜೊತೆ ಅದು ಇದ್ದರೆ ತಗೊಳ್ಳಿ.

ಕಾಲು ಸುತ್ತಿನ ನಲ್ಲಿಯಲ್ಲಿ ರಬ್ಬರ್ ವಾಷರ್ ಬದಲು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಶುದ್ಧ ನೀರಿಗೆ ಬಹಳ ಒಳ್ಳೆಯದು. ಜಿಐ ಲೈನಿನ ಜಂಗಿನ ಚೂರು, ಬೋರಿನ ಮರಳು ಸಿಕ್ಕಿದರೆ ಗೀರು ಬೀಳುತ್ತದೆ. ಗೀರು ಬಿದ್ದರೆ ಒಳಗಿನ ಕಾರ್ಟ್ರಿಜ್ ಪೂರ್ತಿ ಬದಲಿಸಬೇಕು, ಚಪ್ಪಲಿ ನಡೆಯುವುದಿಲ್ಲ. ಬಾಯಿಗೆ ಜಾಲರಿ ಇರುವ ನಲ್ಲಿ ನಿಮ್ಮ 4 ಮೀಟರ್ ಒತ್ತಡಕ್ಕೆ ಬೇಡ, ಹಂಡೆ ತುಂಬುವಷ್ಟರಲ್ಲಿ ಹೊತ್ತು ಮುಳುಗುತ್ತದೆ.

ವಿದ್ಯಾನಗರದ_ಅಕ್ಕ

ಹಿಡಿ ಕೂಡ ನೋಡಿಕೊಳ್ಳಿ. ಅಮ್ಮನಿಗೆ ಸೋಪಿನ ಕೈಯಲ್ಲಿ ಗುಂಡು ಹಿಡಿ ಜಾರುತ್ತದೆ. ಅಡ್ಡ ಕಡ್ಡಿಯಂಥ ಹಿಡಿ ಇರುವುದನ್ನು ತನ್ನಿ. ಇದನ್ನು ಗಂಡಸರು ಯೋಚಿಸುವುದಿಲ್ಲ.

ಪಾನಾ_ಹಿಡಿದವ

ಅಣ್ಣಾ, ಸಮಾಧಾನದಿಂದ ಓದಿ. ಬಿಚ್ಚುವುದು ಒಂದು ದಿನದ ಕೆಲಸ ಅಲ್ಲ, ಎರಡು ದಿನದ್ದು ಅಂದುಕೊಳ್ಳಿ.

ಶುಕ್ರವಾರ ರಾತ್ರಿಯೇ ನಲ್ಲಿ ಗೋಡೆ ಸೇರುವ ಸಂದಿಗೆ ಜಂಗು ಬಿಡಿಸುವ ಎಣ್ಣೆ ಬಿಡಿ. ಇಲ್ಲದಿದ್ದರೆ ಸೀಮೆಎಣ್ಣೆ, ಡೀಸೆಲ್ ಆದರೂ ಸರಿ. ಶನಿವಾರ ಬೆಳಿಗ್ಗೆ, ಸಂಜೆ ಮತ್ತೆ ಬಿಡಿ. ನಲ್ಲಿಯ ಮೈಗೆ ಪಾನಾದ ಹಿಂಭಾಗದಿಂದ ಮೆಲ್ಲಗೆ ತಟ್ಟಿ, ಬಾಗಿಲು ತಟ್ಟಿದ ಹಾಗೆ. ಎಣ್ಣೆ ಇಳಿಯುತ್ತದೆ. ಭಾನುವಾರ ಬೆಂಡು ಹಾಕಿ, ನೀರು ಖಾಲಿ ಮಾಡಿ, ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ. ಹೌದು, ಬಿಗಿ ಮಾಡುವ ದಿಕ್ಕಿಗೇ. ಜಂಗಿನ ಹಿಡಿತ ಅಲ್ಲಿ ಬಿಡುತ್ತದೆ. ಆಮೇಲೆ ಸಡಿಲದ ದಿಕ್ಕಿಗೆ. ಅರ್ಧ ಸುತ್ತು ಬಂದರೆ ಕಾಲು ಸುತ್ತು ವಾಪಸ್, ಮತ್ತೆ ಅರ್ಧ ಸುತ್ತು. ಕೈಗೆ ಸ್ಪ್ರಿಂಗ್ ಹಾಗೆ ಎಳೆತ ಅನ್ನಿಸಿದರೆ ನಿಲ್ಲಿಸಿ. ಅದು ನಲ್ಲಿ ತಿರುಗುವುದಲ್ಲ, ಒಳಗೆ ಪೈಪ್ ತಿರುಚುವುದು. ಆಗ ಮತ್ತೆ ಎಣ್ಣೆ ಬಿಟ್ಟು ಬೆಂಗಳೂರಿಗೆ ಹೋಗಿ, ಮುಂದಿನ ಸಲ ನೋಡೋಣ. ನಾಚಿಕೆ ಏನಿಲ್ಲ.

ಬಂದ ಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಥ್ರೆಡ್ ತಿಕ್ಕಿ. ಟೈಲ್ಸ್ ಮೇಲ್ಮೈಯಿಂದ ಎಲ್ಬೋ ಬಾಯಿ ಎಷ್ಟು ಒಳಗಿದೆ ಎಂದು ಬೆಂಕಿಕಡ್ಡಿ ಇಟ್ಟು ಅಳೆಯಿರಿ. ಆಮೇಲೆ ಟೈಲ್ಸ್ ಹಾಕಿದ ಮನೆಗಳಲ್ಲಿ ಎಲ್ಬೋ ಒಳಗೆ ಹುದುಗಿರುತ್ತದೆ, ಹೊಸ ನಲ್ಲಿಯ ಕತ್ತು ಎಟುಕುವುದಿಲ್ಲ. ಅದಕ್ಕೆ ಹಿತ್ತಾಳೆ ಎಕ್ಸ್‌ಟೆನ್ಷನ್ ನಿಪ್ಪಲ್ (ಕತ್ತು ಉದ್ದ ಮಾಡುವ ಪೈಪ್ ತುಂಡು) ಬರುತ್ತದೆ, 1 ಇಂಚು, ಒಂದೂವರೆ, 2 ಇಂಚು. ಮೊದಲೇ ಒಂದೊಂದು ತಂದಿಟ್ಟುಕೊಳ್ಳಿ, ಉಳಿದದ್ದು ವಾಪಸ್ ಕೊಡಿ. ಭಾನುವಾರ ಎಲ್ಲ ಅಂಗಡಿ ತೆಗೆದಿರುವುದಿಲ್ಲ.

ಹೊಸ ನಲ್ಲಿ ಹಾಕುವ ಮೊದಲು ಹುಡುಗನಿಗೆ ಹೇಳಿ ಬೆಂಡು ಒಂದು ಸಲ ಎಳೆಸಿ. ನಾಲ್ಕು ಚೊಂಬು ನೀರು ಹರಿದುಹೋಗಲಿ, ಜಂಗಿನ ಚೂರೆಲ್ಲ ಹೊರಗೆ ಬರುತ್ತದೆ. ಥ್ರೆಡ್ ಚೆನ್ನಾಗಿದ್ದರೆ ಟೆಫ್ಲಾನ್ ಟೇಪ್ 12ರಿಂದ 15 ಸುತ್ತು. ಥ್ರೆಡ್ ತುದಿ ನಿಮ್ಮ ಮುಖಕ್ಕೆ ಇರಬೇಕು, ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಮುದ್ದೆ ಆಗುತ್ತದೆ. ಥ್ರೆಡ್ ಸವೆದಿದ್ದರೆ ಟೇಪ್ ಬೇಡ, ಸೆಣಬಿನ ದಾರ ಸುತ್ತಿ ಬಿಳಿ ಪೇಸ್ಟ್ ಹಚ್ಚಿ. ದಾರ ನೀರು ಕುಡಿದು ಉಬ್ಬುತ್ತದೆ, ಸಂದಿ ಮುಚ್ಚುತ್ತದೆ.

ಕೊನೆಯದು, ಎಲ್ಲರೂ ತಪ್ಪುವುದು ಇಲ್ಲೇ. ನಲ್ಲಿ ಬಿಗಿಯಾಗುತ್ತಾ ಬಂದು ಬಾಯಿ ನೆಟ್ಟಗೆ ಕೆಳಗೆ ನಿಲ್ಲಬೇಕು. ಸ್ವಲ್ಪ ಮುಂದೆ ಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ. ಹಿಂದಕ್ಕೆ ಬಂದ ಟೇಪ್ ಸೋರುತ್ತದೆ. ಪೂರ್ತಿ ಬಿಚ್ಚಿ, ಹೊಸದಾಗಿ ಸುತ್ತಿ, ಮತ್ತೆ ಹಾಕಿ.

ಮಂಡಕ್ಕಿ_ಖಾರ

ಅಷ್ಟೆಲ್ಲ ಯಾಕೆ, ಗೋಡೆ ಸಂದಿಗೆ ಸುತ್ತ ಎಂಸೀಲ್ ಅಂಟು ಮೆತ್ತಿದರೆ ಆಗುವುದಿಲ್ವಾ?

ಪಾನಾ_ಹಿಡಿದವ

ಹೊರಗೆ ಕಾಣುವುದಿಲ್ಲ, ಗೋಡೆ ಒಳಗೆ ಸೋರುತ್ತದೆ. ಹಳೇ ಗೋಡೆ ಮಣ್ಣಿನದು ಇರುತ್ತದೆ. ಆ ಕಡೆ ದೇವರ ಮನೆ ಇದ್ದರೆ ದೇವರಿಗೇ ಅಭಿಷೇಕ.

ಹಳೇಪೇಟೆ_ಮನೆಮಗ

ಆಯಿತು! ಪೂರ್ತಿ ಹೇಳುತ್ತೇನೆ.

ಎಣ್ಣೆ ಶುಕ್ರವಾರ ರಾತ್ರಿ ಅಮ್ಮನೇ ಬಿಟ್ಟಿದ್ದರು, ನಾನು ಇನ್ನೂ ರೈಲಿನಲ್ಲಿದ್ದೆ. ಭಾನುವಾರ 10 ಗಂಟೆಗೆ ಪಾನಾ ಹಾಕಿದಾಗ ಕೈ ನಡುಗುತ್ತಿತ್ತು. ವಿದ್ಯಾನಗರದ ಅಕ್ಕನ ಕೌದಿ ಗೋಡೆ ಕಣ್ಣ ಮುಂದೆ. ಅಪ್ಪ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಗಿ ದಿಕ್ಕಿಗೆ ಒತ್ತಿದೆ, ಏನೂ ಇಲ್ಲ. ಎರಡನೇ ಸಲ ಒತ್ತಿದಾಗ "ಕಟಕ್" ಎಂದಿತು. ಪೈಪ್ ಮುರಿಯಿತು ಅಂತ ಎದೆ ಧಸಕ್ಕಂತು. ಅಪ್ಪ ಕೂತಲ್ಲಿಂದಲೇ "ಬಿಡ್ತು, ಈಗ ವಾಪಸ್ ತಿರುಗಿಸು" ಅಂದರು. ಕಣ್ಣು ಕಾಣದಿದ್ದರೂ ಕಿವಿಗೆ ಗೊತ್ತಾಗಿತ್ತು. ನಿಜವಾಗಿಯೂ ಬಿಟ್ಟಿತ್ತು.

ಒಳಗೆ ಥ್ರೆಡ್ ಮುಂದಿನ ಎರಡು ಸುತ್ತು ತಿಂದುಹೋಗಿತ್ತು, ಹಿಂದಿನದು ಪರವಾಗಿಲ್ಲ. ಎಲ್ಬೋ ಬಾಯಿ ಟೈಲ್ಸಿನಿಂದ ಒಂದು ಬೆರಳು ಒಳಗೆ. ಒಂದೂವರೆ ಇಂಚಿನ ನಿಪ್ಪಲ್ ಸರಿಯಾಯಿತು. ಎಲ್ಬೋ ಕಡೆ ಸೆಣಬಿನ ದಾರ, ನಲ್ಲಿ ಕಡೆ ಟೇಪ್. ಬೆಂಡು ಎಳೆಸಿದಾಗ ಬಂದ ನೀರು ಕಾಫಿ ಡಿಕಾಕ್ಷನ್ ಬಣ್ಣ. ಮೊದಲ ಸಲ ನಲ್ಲಿ ಬಾಯಿ ಹಂಡೆ ಕಡೆ ವಾರೆಯಾಗಿ ನಿಂತಿತು. ಹಿಂದಕ್ಕೆ ತಿರುಗಿಸೋಣ ಅನ್ನಿಸಿತು, ನಿಮ್ಮ ಮಾತು ನೆನಪಾಗಿ ಬಿಚ್ಚಿದೆ. ಎರಡನೇ ಸಲ ನೆಟ್ಟಗೆ ಬಂತು.

ಹಿತ್ತಾಳೆ ನಲ್ಲಿ, ನಿಪ್ಪಲ್, ದಾರ, ಪೇಸ್ಟ್, ಟೇಪ್, ಎಣ್ಣೆ ಎಲ್ಲ ಸೇರಿ ನನಗೆ 900 ರೂಪಾಯಿ ಹತ್ತಿರ ಆಯಿತು. ಅಡ್ಡ ಹಿಡಿಯದ್ದೇ ತಂದೆ ಅಕ್ಕಾ. ಕಾಗದದ ತುಂಡು ಸಂದಿಗೆ ಒತ್ತಿ ರಾತ್ರಿಯೆಲ್ಲ ಬಿಟ್ಟಿದ್ದೆ, ಬೆಳಿಗ್ಗೆಯೂ ಒಣಗಿತ್ತು.

ಸಿಸ್ಟರ್_ನಿಟುವಳ್ಳಿ

ನಿದ್ದೆ ಬಂತಾ?

ಹಳೇಪೇಟೆ_ಮನೆಮಗ

ಇಲ್ಲ. ರಾತ್ರಿ ಮೂರು ಸಲ ಎದ್ದು ಹೋಗಿ ಕಾಗದ ಮುಟ್ಟಿ ನೋಡಿದೆ.

ವಿದ್ಯಾನಗರದ_ಅಕ್ಕ

ಹಳೇ ನಲ್ಲಿ ಗುಜರಿಗೆ ಹಾಕಬೇಡಿ, ಆ ತೂಕದ ಹಿತ್ತಾಳೆ ಈಗ ಬರುವುದಿಲ್ಲ.

ಹಳೇಪೇಟೆ_ಮನೆಮಗ

ಗುಜರಿ ಮಾತೇ ಇಲ್ಲ ಅಕ್ಕಾ. ಅಮ್ಮ ಆಗಲೇ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದಾರೆ. ಹಿತ್ತಲಲ್ಲಿ ಕರಿಬೇವಿನ ಪಕ್ಕ ಒಂದು ಪ್ಲಾಸ್ಟಿಕ್ ಡ್ರಮ್ ಇದೆ, ಅದಕ್ಕೆ ಈ ನಲ್ಲಿ ಹಾಕಿಕೊಡು ಎಂದು ಕೇಳುತ್ತಿದ್ದಾರೆ. ಅಪ್ಪ ಪಕ್ಕದ ಮನೆ ಹುಡುಗನ ಕೈಯಲ್ಲಿ ಚಪ್ಪಲಿ ಕತ್ತರಿಸಿ ವಾಷರ್ ಮಾಡಿಸಿದ್ದಾರೆ, ತಾವು ಪಕ್ಕದಲ್ಲಿ ಕೂತು ಅಳತೆ ಹೇಳುತ್ತಾ. ಈ ಸಲ ಬಿಳಿ ಚಪ್ಪಲಿ.

ಡ್ರಮ್‌ಗೆ ಎಷ್ಟು ಅಗಲದ ತೂತು ಕೊರೆಯಬೇಕು ಅಣ್ಣಾ?

ಪಾನಾ_ಹಿಡಿದವ

ಅರ್ಧ ಇಂಚಿನ ನಲ್ಲಿ ಅಂದರೂ ಥ್ರೆಡ್ಡಿನ ಹೊರ ಅಳತೆ 21 ಮಿ.ಮೀ. ಇರುತ್ತದೆ. ಅಷ್ಟೇ ಕೊರೆಯಿರಿ, ಜಾಸ್ತಿ ಬೇಡ. ಒಳಗೊಂದು ಹೊರಗೊಂದು ರಬ್ಬರ್ ವಾಷರ್, ಒಳಗಿನಿಂದ ಬಿಗಿ ಹಿಡಿಯುವ ಚೆಕ್ ನಟ್. ಡ್ರಮ್ಮಿನ ತಳದಿಂದ ನಾಲ್ಕು ಬೆರಳು ಮೇಲೆ ಹಾಕಿ, ಕಸ ಕೆಳಗೆ ಕೂರುತ್ತದೆ. ಆ ರಬ್ಬರ್ ವಾಷರ್ ಎರಡನ್ನೂ ಅಪ್ಪನ ಹತ್ತಿರವೇ ಮಾಡಿಸಿ, ಚಪ್ಪಲಿ ಇನ್ನೂ ಉಳಿದಿರುತ್ತದಲ್ಲ.